ಅಂಗಿಯೊಳಗಿನ ಪಿಸ್ತೂಲಿಗೆ ಪರವಾನಗಿ ಬೇಕೋ ಬೇಡವೋ? ನಾರ್ತ್ ಕೆರೊಲೈನಾದ ಎಸ್‌ಬಿ 50

ನಾರ್ತ್ ಕೆರೊಲೈನಾದ ಕ್ಯಾರಿ, ಮೋರಿಸ್‌ವಿಲ್ ಕಡೆ ಮಕ್ಕಳ ಮನೆಗೆಂದು ಊರಿನಿಂದ ಬರುವ ಅಪ್ಪ ಅಮ್ಮಂದಿರು ಮೊದಲ ವಾರದಲ್ಲೇ ಒಂದು ಪ್ರಶ್ನೆ ಕೇಳುತ್ತಾರೆ. ಅಂಗಡಿಯ ಗಾಜಿನ ಬಾಗಿಲ ಮೇಲೆ, ತೆರೆಯುವ ಮುಚ್ಚುವ ವೇಳೆ ಬರೆದ ಫಲಕದ ಪಕ್ಕದಲ್ಲಿ, ಪುಟ್ಟ ಸ್ಟಿಕ್ಕರ್ ಒಂದಿರುತ್ತದೆ: ಪಿಸ್ತೂಲಿನ ಚಿತ್ರ, ಅದರ ಮೇಲೆ ಅಡ್ಡಕ್ಕೆ ಎಳೆದ ಕೆಂಪು ಗೆರೆ. "ಹಾಗಾದರೆ ಇದನ್ನು ಅಂಟಿಸದ ಅಂಗಡಿಗೆ ಪಿಸ್ತೂಲು ಇಟ್ಟುಕೊಂಡು ಬರಬಹುದಾ?"

ಬರಬಹುದು. ಎಲ್ಲರಿಗೂ ಕಾಣುವಂತೆ ಸೊಂಟಕ್ಕೆ ಸಿಕ್ಕಿಸಿಕೊಂಡು ಬರುವುದಾದರೆ ಈ ರಾಜ್ಯದಲ್ಲಿ ಯಾವ ಪರವಾನಗಿಯೂ ಬೇಡ. ಅದೇ ಪಿಸ್ತೂಲಿನ ಮೇಲೆ ಅಂಗಿ ಇಳಿಬಿಟ್ಟ ಕ್ಷಣ ಕಾನೂನು ಬದಲಾಗುತ್ತದೆ. ಆಗ ಶೆರಿಫ್, ಅಂದರೆ ಕೌಂಟಿಯ (ಜಿಲ್ಲೆಯಂಥ ಘಟಕದ) ಪೊಲೀಸ್ ಮುಖ್ಯಸ್ಥ, ಕೊಟ್ಟ ಪರವಾನಗಿ ಜೊತೆಯಲ್ಲಿರಬೇಕು. ಇಲ್ಲದಿದ್ದರೆ ಮೊದಲ ಸಲಕ್ಕೆ ಸಣ್ಣ ಅಪರಾಧ, ಎರಡನೆಯ ಸಲಕ್ಕೆ ಜೈಲಿಗೆ ಕಳಿಸಬಲ್ಲ ಘೋರ ಅಪರಾಧ. ಅಂಗಿಯೊಳಗೆ, ಕೋಟಿನೊಳಗೆ, ವ್ಯಾನಿಟಿ ಬ್ಯಾಗಿನಲ್ಲಿ, ಕಾರಿನಲ್ಲಿ ಕೈಗೆ ಎಟಕುವ ಗ್ಲವ್ ಬಾಕ್ಸಿನಲ್ಲಿ ಪಿಸ್ತೂಲನ್ನು ಮರೆಮಾಡಿ ಒಯ್ಯುವ ಈ ರೂಢಿಗೆ ಅಮೆರಿಕದಲ್ಲಿ ಕನ್ಸೀಲ್ಡ್ ಕ್ಯಾರಿ ಎನ್ನುತ್ತಾರೆ.

ಆ ಪರವಾನಗಿಯ ಕಡ್ಡಾಯವನ್ನೇ ತೆಗೆದುಹಾಕುವ ಮಸೂದೆಯನ್ನು ನಾರ್ತ್ ಕೆರೊಲೈನಾದ ಶಾಸನಸಭೆ 2025ರ ಜೂನ್‌ನಲ್ಲಿ ಅಂಗೀಕರಿಸಿತು. ಸೆನೆಟ್ ಬಿಲ್ 50, ಬಾಯಿಮಾತಿನಲ್ಲಿ ಎಸ್‌ಬಿ 50. ಡೆಮಾಕ್ರಟಿಕ್ ಪಕ್ಷದ ಗವರ್ನರ್ ಜಾಶ್ ಸ್ಟೈನ್ ಅದೇ ತಿಂಗಳು ಅದಕ್ಕೆ ವೀಟೊ ಹಾಕಿದರು. ಜುಲೈ ಕೊನೆಗೆ ಸೆನೆಟ್ ಆ ವೀಟೊವನ್ನು ತಳ್ಳಿಹಾಕಿತು. ಕೆಳಮನೆ ಮಾತ್ರ ಮತಕ್ಕೆ ಹಾಕುವುದನ್ನು ಮುಂದೂಡುತ್ತ ಬಂತು. ಟ್ರಯಾಂಗಲ್ ಎಂದು ಕರೆಯುವ ರಾಲಿ, ಡರ್ಹಾಮ್ ಪ್ರದೇಶ ಮತ್ತು ಶಾರ್ಲಟ್ ಸುತ್ತಮುತ್ತ ಸಾವಿರಾರು ಕನ್ನಡ ಮನೆಗಳಿವೆ. ಗ್ರೀನ್ ಕಾರ್ಡ್ ಇರುವವರು, ಪೌರತ್ವ ಪಡೆದವರು, ಎಚ್‌-1ಬಿ ವೀಸಾದ ಮೇಲೆ ಇರುವವರು, ಇಲ್ಲೇ ಹುಟ್ಟಿ ಹದಿನೆಂಟಕ್ಕೆ ಕಾಲಿಡುತ್ತಿರುವ ಮಕ್ಕಳು, ಹೀಗೆ ಒಬ್ಬೊಬ್ಬರಿಗೂ ಈ ಕಾನೂನು ಒಂದೊಂದು ಬಗೆಯಲ್ಲಿ ತಾಗುತ್ತದೆ. ಆದ್ದರಿಂದ ಇದನ್ನು ಬಿಡಿಸಿ ನೋಡೋಣ.

ಕೊಡಬಹುದು, ಕೊಡಲೇಬೇಕು, ಬೇಕಾಗಿಲ್ಲ

ಅಮೆರಿಕದಲ್ಲಿ ಪಿಸ್ತೂಲು ಒಯ್ಯುವ ಕಾನೂನು ಬಹುಮಟ್ಟಿಗೆ ರಾಜ್ಯಗಳ ಕೈಯಲ್ಲಿದೆ. 50 ರಾಜ್ಯಗಳ ಕಾನೂನನ್ನು ಕನ್ನಡದ ಮೂರು ಕ್ರಿಯಾಪದಗಳಲ್ಲಿ ಹಿಡಿದಿಡಬಹುದು.

ಮೊದಲನೆಯದು 'ಕೊಡಬಹುದು'. ಅರ್ಜಿ ಹಾಕಿದವನಿಗೆ ನಿಜವಾದ ಕಾರಣ ಇದೆಯೇ, ಅವನ ಪ್ರಾಣಕ್ಕೆ ಬೇರೆಯವರಿಗಿಲ್ಲದ ಅಪಾಯ ಇದೆಯೇ ಎಂದು ಅಧಿಕಾರಿ ತೂಗಿ ನೋಡುತ್ತಾನೆ. ಒಪ್ಪಿಗೆಯಾದರೆ ಕೊಡುತ್ತಾನೆ. ಬಂದೂಕಿನ ಲೈಸೆನ್ಸಿಗೆ ಡಿ.ಸಿ. ಕಚೇರಿಗೆ ಅಲೆದ ಮಲೆನಾಡಿನ ತೋಟದವರಿಗೆ ಈ ಪದ್ಧತಿಯನ್ನು ವಿವರಿಸಬೇಕಾಗಿಲ್ಲ. ಭಾರತದ 1959ರ ಶಸ್ತ್ರಾಸ್ತ್ರ ಕಾಯ್ದೆ ನಡೆಯುವುದೇ ಹೀಗೆ: ಪೊಲೀಸ್ ವರದಿ, ಅಧಿಕಾರಿಯ ವಿವೇಚನೆ, ಮೇಲೆ ಚುನಾವಣೆ ಬಂದಾಗೆಲ್ಲ ಕೋವಿಯನ್ನು ಠಾಣೆಗೆ ಒಪ್ಪಿಸಿ ಬರುವುದು.

ಎರಡನೆಯದು 'ಕೊಡಲೇಬೇಕು'. ಕಾನೂನು ಪಟ್ಟಿ ಮಾಡಿದ ಷರತ್ತುಗಳನ್ನು ಪೂರೈಸಿದವನಿಗೆ ಅಧಿಕಾರಿ ಇಲ್ಲ ಎನ್ನುವಂತಿಲ್ಲ. ಯಾಕೆ ಬೇಕು ಎಂದು ಕೇಳುವಂತೆಯೂ ಇಲ್ಲ. 1987ರಲ್ಲಿ ಫ್ಲಾರಿಡಾ ಈ ದಾರಿ ಹಿಡಿದ ಮೇಲೆ ಒಂದರ ಹಿಂದೊಂದು ರಾಜ್ಯಗಳು ಅದೇ ಜಾಡಿನಲ್ಲಿ ನಡೆದವು. ನಾರ್ತ್ ಕೆರೊಲೈನಾ 1995ರಲ್ಲಿ ಸೇರಿತು, ಇಂದಿಗೂ ಅಲ್ಲೇ ಇದೆ.

ಮೂರನೆಯದು 'ಬೇಕಾಗಿಲ್ಲ'. ಬಂದೂಕು ಹೊಂದಲು ಕಾನೂನಿನ ಅಡ್ಡಿ ಇಲ್ಲದವರು ಪರವಾನಗಿ ಇಲ್ಲದೆಯೇ ಮರೆಮಾಡಿ ಒಯ್ಯಬಹುದು. ಬೆಂಬಲಿಗರು ಇದನ್ನು 'ಕಾನ್‌ಸ್ಟಿಟ್ಯೂಷನಲ್ ಕ್ಯಾರಿ' ಎಂದು ಕರೆಯುತ್ತಾರೆ. ನಮ್ಮ ಪರವಾನಗಿ ಸಂವಿಧಾನವೇ ಎಂಬುದು ಅವರ ಮಾತು. ವರ್ಮಾಂಟ್ ಯಾವತ್ತೂ ಪರವಾನಗಿ ಕೇಳಿದ ರಾಜ್ಯವಲ್ಲ. ಅಲಾಸ್ಕ 2003ರಲ್ಲಿ, ಆರಿಜೋನಾ 2010ರಲ್ಲಿ ಆ ಸಾಲಿಗೆ ಸೇರಿದವು. ಆಮೇಲೆ ವೇಗ ಹೆಚ್ಚಿತು. ಟೆಕ್ಸಸ್ 2021ರಲ್ಲಿ, ಜಾರ್ಜಿಯಾ 2022ರಲ್ಲಿ, ಫ್ಲಾರಿಡಾ 2023ರಲ್ಲಿ, ಸೌತ್ ಕೆರೊಲೈನಾ ಮತ್ತು ಲೂಸಿಯಾನಾ 2024ರಲ್ಲಿ. ಅಲ್ಲಿಗೆ ಇಂಥ ರಾಜ್ಯಗಳು 29 ಆದವು. ನಾರ್ತ್ ಕೆರೊಲೈನಾದ ನಾಲ್ಕು ನೆರೆರಾಜ್ಯಗಳಲ್ಲಿ ಮೂರು, ಅಂದರೆ ಸೌತ್ ಕೆರೊಲೈನಾ, ಜಾರ್ಜಿಯಾ, ಟೆನೆಸ್ಸಿ, ಈಗ 'ಬೇಕಾಗಿಲ್ಲ' ಗುಂಪಿನಲ್ಲಿವೆ. ವರ್ಜೀನಿಯಾ ಒಂದೇ ಹೊರಗೆ. ರಾಜಧಾನಿ ರಾಲಿಯ ಶಾಸಕರ ಮೇಲಿನ ಒತ್ತಡಕ್ಕೆ ಈ ನಕ್ಷೆಯೂ ಒಂದು ಕಾರಣ.

ಮರೆಮಾಡುವುದರ ಮೇಲೆ ಯಾಕೆ ಅಷ್ಟು ಸಂಶಯ?

ತೋರಿಸಿಕೊಂಡು ಹೋದರೆ ಸರಿ, ಮುಚ್ಚಿಕೊಂಡರೆ ತಪ್ಪು ಎನ್ನುವುದು ನಮಗೆ ತಲೆಕೆಳಗಾದ ನ್ಯಾಯದಂತೆ ಕಾಣುತ್ತದೆ. ಇದರ ಬೇರು 19ನೇ ಶತಮಾನದಲ್ಲಿದೆ. ಕಾದಾಡಲು ಹೊರಟವನು ಆಯುಧವನ್ನು ಎದುರಿಗೆ ಕಾಣುವಂತೆ ಹಿಡಿಯುತ್ತಾನೆ, ಅಡಗಿಸಿಟ್ಟುಕೊಳ್ಳುವವನು ಬೆನ್ನಿಗೆ ಇರಿಯುವವನು ಎಂಬ ಭಾವನೆ ಆಗಿನ ಶಾಸನಗಳಲ್ಲೂ ತೀರ್ಪುಗಳಲ್ಲೂ ಇತ್ತು. ಕೆಂಟಕಿ ಮತ್ತು ಲೂಸಿಯಾನಾ 1813ರಲ್ಲೇ ಮರೆಮಾಚಿದ ಆಯುಧವನ್ನು ನಿಷೇಧಿಸಿದ್ದವು.

ನಾರ್ತ್ ಕೆರೊಲೈನಾ ಇನ್ನೂ ಮುಂದೆ ಹೋಗಿ ಅದನ್ನು ತನ್ನ ಸಂವಿಧಾನದಲ್ಲೇ ಬರೆದಿಟ್ಟಿತು. ಅಲ್ಲಿನ ಒಂದನೆಯ ವಿಧಿಯ 30ನೇ ಪರಿಚ್ಛೇದ ಜನರ ಶಸ್ತ್ರಹಕ್ಕನ್ನು ಎತ್ತಿಹಿಡಿಯುತ್ತದೆ. ಬೆನ್ನಿಗೇ, ಇದರಲ್ಲಿ ಹೇಳಿದ ಯಾವುದೂ ಮರೆಮಾಚಿ ಆಯುಧ ಒಯ್ಯುವ ರೂಢಿಯನ್ನು ಸಮರ್ಥಿಸುವುದಿಲ್ಲ, ಅದರ ವಿರುದ್ಧ ಶಾಸನಸಭೆ ದಂಡದ ಕಾನೂನು ಮಾಡುವುದನ್ನು ತಡೆಯುವುದೂ ಇಲ್ಲ ಎನ್ನುತ್ತದೆ. ಈ ಮಾತು ಸೇರಿದ್ದು 1875ರಲ್ಲಿ. ನಿಷೇಧದ ಕಾನೂನು ಬಂದದ್ದು 1879ರಲ್ಲಿ. 1921ರಲ್ಲಿ ರಾಜ್ಯದ ಸುಪ್ರೀಂ ಕೋರ್ಟು, ಬಯಲಾಗಿ ಪಿಸ್ತೂಲು ಹಿಡಿಯಲು ಪರವಾನಗಿ ಕೇಳುವ ಫೋರ್‌ಸೈತ್ ಕೌಂಟಿಯ ಕಾನೂನನ್ನು ಹೊಡೆದುಹಾಕಿತು. ಬಯಲಿಗೆ ಪರವಾನಗಿ ಬೇಡ, ಮರೆಗೆ ಬೇಕು ಎಂಬ ಇಂದಿನ ವಿಚಿತ್ರ ಹುಟ್ಟಿದ್ದು ಹೀಗೆ.

ಎಸ್‌ಬಿ 50ರ ಬೆಂಬಲಿಗರು ಈ ವಿಚಿತ್ರವನ್ನೇ ಹಿಡಿದು ವಾದಿಸುತ್ತಾರೆ. ಸೊಂಟದಲ್ಲಿ ಪಿಸ್ತೂಲಿರುವ ಮನುಷ್ಯ ಚಳಿಗೆ ಕೋಟು ಹಾಕಿಕೊಂಡರೆ ಅಪರಾಧಿಯಾಗುತ್ತಾನೆ, ಇದೆಂಥ ಕಾನೂನು ಎಂದು ಕೇಳುತ್ತಾರೆ. ಪ್ರಶ್ನೆ ಸುಳ್ಳಲ್ಲ. ಆದರೆ ಅದಕ್ಕೆ ಒಂದೇ ಉತ್ತರ ಇರಬೇಕಾಗಿಲ್ಲ. ಕೋಟು ಹಾಕಿದವನಿಗೆ ತರಬೇತಿ ಬೇಕು ಎಂದಾದರೆ, ಹಾಕದವನಿಗೂ ಯಾಕೆ ಬೇಡ ಎಂದೂ ಅದೇ ಪ್ರಶ್ನೆಯನ್ನು ತಿರುಗಿಸಬಹುದು.

ಒಂದು ಪರವಾನಗಿಯಲ್ಲಿ ಏನೇನಿದೆ

ಹೊರಗಿನಿಂದ ನೋಡಿದರೆ ಅದೊಂದು ಪ್ಲಾಸ್ಟಿಕ್ ಕಾರ್ಡು. ಅದರ ಹಿಂದೆ ನಡೆಯುವುದನ್ನು ಗಮನಿಸಿದರೆ ಮಸೂದೆ ಏನನ್ನು ಐಚ್ಛಿಕ ಮಾಡಹೊರಟಿದೆ ಎಂಬುದು ತಿಳಿಯುತ್ತದೆ.

ಅರ್ಜಿದಾರನಿಗೆ 21 ವರ್ಷ ತುಂಬಿರಬೇಕು. ಅಮೆರಿಕದ ಪೌರನೋ ಗ್ರೀನ್ ಕಾರ್ಡು ಪಡೆದವನೋ ಆಗಿರಬೇಕು, ರಾಜ್ಯದಲ್ಲಿ ಕನಿಷ್ಠ 30 ದಿನ ವಾಸ ಮಾಡಿರಬೇಕು. ತನ್ನ ಕೌಂಟಿಯ ಶೆರಿಫನ ಬಳಿ ಹೋಗಬೇಕು. ರಾಜ್ಯದಲ್ಲಿ 100 ಕೌಂಟಿಗಳಿವೆ, ಶೆರಿಫರು ಜನರಿಂದ ಚುನಾಯಿತರಾದವರು. ಶುಲ್ಕ 80 ಡಾಲರ್, ಬೆರಳಚ್ಚಿಗೆ ಮತ್ತೆ 10. ಶೆರಿಫ್ ಕಚೇರಿ ರಾಜ್ಯದ, ದೇಶದ ಅಪರಾಧ ದಾಖಲೆಗಳನ್ನು ತೆರೆದು ನೋಡುತ್ತದೆ, ಮಾನಸಿಕ ಆರೋಗ್ಯಕ್ಕೆ ಸಂಬಂಧಿಸಿದ ದಾಖಲೆಗಳನ್ನು ತರಿಸಿಕೊಳ್ಳುತ್ತದೆ. ಆ ದಾಖಲೆ ಕೈಸೇರಿದ 45 ದಿನಗಳೊಳಗೆ ಹೌದು ಅಥವಾ ಇಲ್ಲ ಎನ್ನಬೇಕು. ಪರವಾನಗಿ 5 ವರ್ಷ ನಡೆಯುತ್ತದೆ.

ಇದೆಲ್ಲಕ್ಕಿಂತ ನನಗೆ ಮುಖ್ಯವಾಗಿ ಕಾಣುವುದು ಎಂಟು ಗಂಟೆಗಳ ತರಗತಿ. ರಾಜ್ಯ ಒಪ್ಪಿದ ಪಠ್ಯದ ಪ್ರಕಾರ ಕನಿಷ್ಠ 8 ಗಂಟೆ ಕೂತು ಕೇಳಬೇಕು, ಆಮೇಲೆ ಗುಂಡು ಹಾರಿಸುವ ಅಂಗಳದಲ್ಲಿ ನಿಜವಾಗಿ ಹಾರಿಸಿ ತೋರಿಸಬೇಕು. ತರಗತಿಯ ದೊಡ್ಡ ಭಾಗ ಕಾನೂನಿನದು. ಪ್ರಾಣ ತೆಗೆಯುವ ಬಲವನ್ನು ಯಾವಾಗ ಬಳಸಬಹುದು? ಯಾರೋ ಕಾರಿನ ಗಾಜು ಒಡೆಯುತ್ತಿದ್ದರೆ ಬಳಸಬಹುದೇ? ಜಗಳ ಶುರುಮಾಡಿದವನು ನೀನೇ ಆದರೆ? ಎದುರಿನವನು ಬೆನ್ನು ತಿರುಗಿಸಿ ಓಡುತ್ತಿದ್ದರೆ? ಪೊಲೀಸ್ ಅಧಿಕಾರಿ ಎದುರು ಬಂದು ಮಾತಾಡಿಸಿದರೆ ಪಿಸ್ತೂಲು ಇದೆ ಎಂದು ತಾನಾಗಿಯೇ ಹೇಳಿ ಪರವಾನಗಿ ತೋರಿಸಬೇಕು. ಒಂದು ಗುಟುಕು ಮದ್ಯ ಮೈಯಲ್ಲಿದ್ದರೂ ಒಯ್ಯಬಾರದು. ಶಾಲೆಯ ಆವರಣಕ್ಕೆ ಒಯ್ದರೆ ಘೋರ ಅಪರಾಧ. ಪರವಾನಗಿದಾರನಾದರೆ ಬೀಗ ಹಾಕಿದ ಕಾರಿನೊಳಗೆ, ಮುಚ್ಚಿದ ಖಾನೆಯಲ್ಲಿ ಬಿಟ್ಟುಬರಬಹುದು. ನಮ್ಮ ರಾಜ್ಯೋತ್ಸವಗಳು ಎಷ್ಟೋ ಸಲ ನಡೆಯುವುದು ಹೈಸ್ಕೂಲ್ ಆಡಿಟೋರಿಯಂಗಳಲ್ಲಿ. ಅಲ್ಲಿಗೆ ಬರುವವರಿಗೆ ಈ ಒಂದು ಅಂಶ ಗೊತ್ತಿರುವುದಕ್ಕೂ ಇಲ್ಲದಿರುವುದಕ್ಕೂ ಎಷ್ಟು ಅಂತರವಿದೆ ಎಂದು ಯೋಚಿಸಿ.

ಕಾರು ಓಡಿಸಲು ಪರೀಕ್ಷೆ ಇದೆ, ಕ್ಷೌರಿಕನಾಗಲು ತರಬೇತಿ ಇದೆ. ಜನಸಂದಣಿಯ ನಡುವೆ ಗುಂಡು ತುಂಬಿದ ಪಿಸ್ತೂಲು ಹಿಡಿದು ಓಡಾಡುವವನು ಬದುಕಿನಲ್ಲಿ ಒಂದು ಶನಿವಾರವನ್ನು ಇದನ್ನು ಕಲಿಯಲು ಕೊಡಲಿ ಎಂದು ಕೇಳುವುದು ಅತಿಯಾಯಿತೆಂದು ನನಗೆ ಅನ್ನಿಸುವುದಿಲ್ಲ.

ಎಸ್‌ಬಿ 50 ಏನು ಮಾಡುತ್ತದೆ

ಮಸೂದೆಯ ಹೃದಯ ಒಂದು ವಾಕ್ಯದಷ್ಟು ಚಿಕ್ಕದು: ಅಮೆರಿಕದ ಪೌರನಾಗಿದ್ದು 18 ವರ್ಷ ತುಂಬಿದ, ಕಾನೂನಿನ ಅಡ್ಡಿ ಇಲ್ಲದ ಯಾರಾದರೂ ಪಿಸ್ತೂಲನ್ನು ಮರೆಮಾಡಿ ಒಯ್ಯಬಹುದು. ಪರವಾನಗಿ ಪದ್ಧತಿ ರದ್ದಾಗುವುದಿಲ್ಲ. ಬೇಕಾದವರು ಪಡೆಯಬಹುದು. ತರಬೇತಿಯೂ ಹಾಗೆಯೇ, ಇಷ್ಟವಿದ್ದವರಿಗೆ. ಕರ್ತವ್ಯದಲ್ಲಿ ಮಡಿದ ಪೊಲೀಸರ ಕುಟುಂಬಗಳಿಗೆ ನೀಡುವ ಪರಿಹಾರ ಹೆಚ್ಚಿಸುವ ಅಂಶವನ್ನೂ ಇದೇ ಮಸೂದೆಗೆ ಜೋಡಿಸಲಾಗಿದೆ.

ಆ ವಾಕ್ಯದಲ್ಲಿ 'ಪೌರ' ಎಂಬ ಶಬ್ದವನ್ನು ಗಮನಿಸಿ. ಈಗಿನ ಪರವಾನಗಿ ಗ್ರೀನ್ ಕಾರ್ಡಿನವರಿಗೂ ಸಿಗುತ್ತದೆ. ಪರವಾನಗಿ ಇಲ್ಲದೆ ಒಯ್ಯುವ ಹೊಸ ಸ್ವಾತಂತ್ರ್ಯ ಪೌರರಿಗೆ ಮಾತ್ರ. ಹತ್ತು ವರ್ಷದಿಂದ ಗ್ರೀನ್ ಕಾರ್ಡಿನಲ್ಲಿರುವ ಕನ್ನಡಿಗನಿಗೆ ಮಸೂದೆ ಜಾರಿಯಾದರೂ ಹಳೆಯ ದಾರಿಯೇ ಗತಿ. ಪಕ್ಕದ ಮನೆಯವನನ್ನು ನೋಡಿ ತಾನೂ ಕೋಟಿನೊಳಗೆ ಇಟ್ಟುಕೊಂಡು ಹೊರಟರೆ ಅವನಿಗೆ ಅದು ಅಪರಾಧ, ವಲಸಿಗನಿಗೆ ಅಪರಾಧದ ದಾಖಲೆ ಎಂದರೆ ಏನೆಂದು ಹೇಳಬೇಕಾಗಿಲ್ಲ.

ಎಚ್‌-1ಬಿ, ಅವರ ಕುಟುಂಬದವರ ಎಚ್‌-4, ವಿದ್ಯಾರ್ಥಿಗಳ ಎಫ್‌-1 ವೀಸಾದವರ ಸಂಗತಿ ಇನ್ನೂ ಬಿಗಿ. ವಲಸೆಯೇತರ ವೀಸಾದಲ್ಲಿ ಬಂದವರು ಬಂದೂಕು ಹೊಂದುವುದನ್ನೇ ಒಕ್ಕೂಟದ ಕಾನೂನು ನಿಷೇಧಿಸುತ್ತದೆ. ಸಕ್ರಮವಾದ ಬೇಟೆ ಲೈಸೆನ್ಸ್ ಇರುವುದೂ ಸೇರಿ ಕೆಲವೇ ವಿನಾಯಿತಿಗಳಿವೆ. ರಾಜ್ಯ ಎಷ್ಟೇ ಸಡಿಲಗೊಂಡರೂ ಆ ನಿಷೇಧ ಕದಲುವುದಿಲ್ಲ. ನಮ್ಮವರ ನಡುವೆ ಇದರ ಬಗ್ಗೆ ಇರುವ ಅಜ್ಞಾನ ನನಗೆ ಆತಂಕ ಹುಟ್ಟಿಸುತ್ತದೆ.

ಹದಿನೆಂಟರ ಗಂಟು ಬೇರೆಯೇ. 1968ರ ಒಕ್ಕೂಟ ಕಾನೂನಿನ ಪ್ರಕಾರ ಲೈಸೆನ್ಸ್ ಪಡೆದ ಅಂಗಡಿಯವನು 21 ತುಂಬದವರಿಗೆ ಪಿಸ್ತೂಲು ಮಾರುವಂತಿಲ್ಲ. ನಾರ್ತ್ ಕೆರೊಲೈನಾ ಸೇರುವ ನಾಲ್ಕನೇ ಸರ್ಕ್ಯೂಟ್ ಮೇಲ್ಮನವಿ ನ್ಯಾಯಾಲಯ 2025ರ ಜೂನ್‌ನಲ್ಲಿ ಆ ನಿಯಮವನ್ನು ಎತ್ತಿಹಿಡಿಯಿತು. ಅದೇ ವರ್ಷ ಜನವರಿಯಲ್ಲಿ ಐದನೇ ಸರ್ಕ್ಯೂಟ್ ಅದು ಸಂವಿಧಾನಬಾಹಿರ ಎಂದಿತ್ತು. ಹಾಗಾಗಿ ಎಸ್‌ಬಿ 50ರ ಅಡಿಯಲ್ಲಿ 19ರ ಹುಡುಗ ಪಿಸ್ತೂಲು ಮರೆಮಾಡಿ ಓಡಾಡಬಹುದು, ಆದರೆ ಅದನ್ನು ಅಂಗಡಿಯಲ್ಲಿ ಕೊಳ್ಳಲಾರ. ಉಳಿದ ದಾರಿ ಖಾಸಗಿ ಮಾರಾಟ, ಇಲ್ಲವೇ ಮನೆಯವರ ಉಡುಗೊರೆ. ಅಲ್ಲಿ ಇನ್ನೊಂದು ಬಾಗಿಲು ಈಗಾಗಲೇ ತೆರೆದಿದೆ. ಪಿಸ್ತೂಲು ಕೊಳ್ಳುವ ಮೊದಲು ಶೆರಿಫನಿಂದ ಅನುಮತಿ ಪಡೆಯಬೇಕೆಂಬ 1919ರ ನಿಯಮವನ್ನು ಶಾಸನಸಭೆ 2023ರ ಮಾರ್ಚ್‌ನಲ್ಲಿ, ಆಗಿನ ಗವರ್ನರ್ ರಾಯ್ ಕೂಪರ್ ಅವರ ವೀಟೊವನ್ನು ಮೀರಿ, ರದ್ದು ಮಾಡಿತು. ಆ ನಿಯಮಕ್ಕೆ ಕರಿಯರನ್ನು ಬಂದೂಕಿನಿಂದ ದೂರವಿಡುವ ಜಿಮ್ ಕ್ರೋ ಕಾಲದ ಕಳಂಕ ಇತ್ತು ಎಂಬುದು ನಿಜ. ಅದು ಹೋದ ಮೇಲೆ ಇಬ್ಬರು ಖಾಸಗಿ ವ್ಯಕ್ತಿಗಳ ನಡುವಿನ ಪಿಸ್ತೂಲು ಮಾರಾಟಕ್ಕೆ ಹಿನ್ನೆಲೆ ತಪಾಸಣೆಯ ಮೆಟ್ಟಿಲೇ ಉಳಿಯಲಿಲ್ಲ ಎಂಬುದೂ ನಿಜ. ಕೊಳ್ಳುವಾಗಿನ ಜರಡಿ 2023ರಲ್ಲಿ ಹೋಯಿತು. ಒಯ್ಯುವಾಗಿನ ಜರಡಿಯನ್ನು ತೆಗೆಯುವ ಮಾತು ಈಗ ನಡೆದಿದೆ. ಎರಡನ್ನೂ ಕೂಡಿಸಿ ನೋಡದೆ ಎಸ್‌ಬಿ 50ರ ತೂಕ ಗೊತ್ತಾಗುವುದಿಲ್ಲ.

ವೀಟೊ ಮತ್ತು ಒಂದು ಮತದ ಲೆಕ್ಕ

ನಾರ್ತ್ ಕೆರೊಲೈನಾದ ಗವರ್ನರ್‌ಗೆ ವೀಟೊ ಅಧಿಕಾರ ಸಿಕ್ಕಿದ್ದೇ 1996ರಲ್ಲಿ, ದೇಶದಲ್ಲೇ ಕಟ್ಟಕಡೆಗೆ. ಅದನ್ನು ಮೀರಲು ಎರಡೂ ಮನೆಗಳಲ್ಲಿ ಹಾಜರಿದ್ದು ಮತ ಹಾಕಿದವರ ಐದರಲ್ಲಿ ಮೂರು ಪಾಲು ಬೇಕು. 50 ಜನರ ಸೆನೆಟ್‌ನಲ್ಲಿ ಮಸೂದೆ ತಂದ ರಿಪಬ್ಲಿಕನ್ನರು 30, ಲೆಕ್ಕ ಸರಿಯಾಗಿದೆ. 120 ಜನರ ಕೆಳಮನೆಯಲ್ಲಿ ಎಲ್ಲರೂ ಬಂದರೆ 72 ಬೇಕು. 2024ರ ಚುನಾವಣೆಯಲ್ಲಿ ಅವರಿಗೆ ಬಂದದ್ದು 71. ಸಾಲದ್ದಕ್ಕೆ ಮಸೂದೆ 59–48ರಿಂದ ಅಂಗೀಕಾರವಾದಾಗ ಅವರ ಪಕ್ಷದವರೇ ಆದ ಇಬ್ಬರು ವಿರುದ್ಧ ಮತ ಹಾಕಿದ್ದರು. 'ಹಾಜರಿದ್ದವರ' ಎಂಬ ಶಬ್ದದಲ್ಲಿ ಆಟವಿದೆ. ಯಾವ ದಿನ ಎದುರು ಪಕ್ಷದ ಕುರ್ಚಿಗಳು ಖಾಲಿ ಇರುತ್ತವೋ ಆ ದಿನ ಮತಕ್ಕೆ ಹಾಕಿದರೆ ಗೆಲ್ಲಬಹುದು. ಕಾರ್ಯಸೂಚಿಯಲ್ಲಿ ಮಸೂದೆ ಪದೇ ಪದೇ ಕಾಣಿಸಿಕೊಂಡು ಪದೇ ಪದೇ ಮುಂದಕ್ಕೆ ಹೋಗುವುದು ಇದರಿಂದ.

ಸ್ಟೈನ್ ವೀಟೊಗೆ ಕೊಟ್ಟ ಕಾರಣಗಳು ಮುಖ್ಯವಾಗಿ ಎರಡು: ವಯಸ್ಸು 21ರಿಂದ 18ಕ್ಕೆ ಇಳಿಯುವುದು, ತರಬೇತಿ ಕಡ್ಡಾಯವಲ್ಲದಾಗುವುದು. ರಾಜ್ಯದ ಶೆರಿಫರ ಸಂಘವೂ ಮಸೂದೆಯನ್ನು ವಿರೋಧಿಸಿತು. ರಾತ್ರಿ ಹೊತ್ತು ರಸ್ತೆಬದಿಯಲ್ಲಿ ಕಾರು ನಿಲ್ಲಿಸಿ ಕಿಟಕಿಯ ಬಳಿ ಹೋಗುವವರು ಅವರ ಡೆಪ್ಯುಟಿಗಳೇ ತಾನೆ.

ಬೆಂಬಲಿಗರ ವಾದಗಳನ್ನು ತೆಗೆದುಹಾಕುವಂತಿಲ್ಲ. ಕೆಟ್ಟವನು ಶೆರಿಫ್ ಕಚೇರಿಯಲ್ಲಿ ಸಾಲು ನಿಲ್ಲುವುದಿಲ್ಲ, ಸಾಲು ನಿಲ್ಲುವವನು ಕಾನೂನಿಗೆ ತಲೆಬಾಗುವವನೇ ಎನ್ನುತ್ತಾರೆ. ಶುಲ್ಕ, ತರಗತಿಯ ಖರ್ಚು, ಒಂದು ದಿನದ ಕೂಲಿ ಸೇರಿದರೆ ಬಡವನಿಗೆ ಹಕ್ಕು ದುಬಾರಿಯಾಗುತ್ತದೆ ಎನ್ನುತ್ತಾರೆ. ಕಚೇರಿಗಳು ತಡಮಾಡುವುದೂ ಇದೆ. 2020ರ ಮಾರ್ಚ್‌ನಲ್ಲಿ ಕೋವಿಡ್ ಕಾರಣಕ್ಕೆ ವೇಕ್ ಕೌಂಟಿಯ ಶೆರಿಫ್ ಕಚೇರಿ ಹೊಸ ಅರ್ಜಿಗಳನ್ನು ಕೆಲಕಾಲ ನಿಲ್ಲಿಸಿದ್ದಕ್ಕೆ ಮೊಕದ್ದಮೆಯೇ ಆಯಿತು. ಹೊಡೆಯುವ ಗಂಡನಿಂದ ಪಾರಾಗಿ ಬಂದ ಹೆಣ್ಣುಮಗಳಿಗೆ 45 ದಿನ ಕಾಯಿರಿ ಎನ್ನಲಾದೀತೇ ಎಂಬ ಅವರ ಪ್ರಶ್ನೆ ಮನಸ್ಸಿಗೆ ತಟ್ಟುತ್ತದೆ. ಆದರೆ ತುರ್ತು ಇದ್ದವರಿಗೆ ಶೆರಿಫ್ ತಾತ್ಕಾಲಿಕ ಪರವಾನಗಿ ಕೊಡಲು ಈಗಿನ ಕಾನೂನಿನಲ್ಲೇ ಅವಕಾಶವಿದೆ. ದೂರು ತಡದ ಬಗ್ಗೆ ಇದ್ದರೆ ತಡವನ್ನು ಸರಿಪಡಿಸಲಿ, ಶುಲ್ಕದ ಬಗ್ಗೆ ಇದ್ದರೆ ಶುಲ್ಕವನ್ನು ಮನ್ನಾ ಮಾಡಲಿ. ಇವೆರಡಕ್ಕೂ ಆ ಎಂಟು ಗಂಟೆಯನ್ನು ಬಲಿಕೊಡಬೇಕಾದ ಅಗತ್ಯ ನನಗೆ ಕಾಣುವುದಿಲ್ಲ.

ಇನ್ನೊಂದು ದಿಕ್ಕಿನ ಬದಲಾವಣೆಗಳು

ದಕ್ಷಿಣದ ರಾಜ್ಯಗಳು ಸಡಿಲಿಸುತ್ತಿರುವಾಗಲೇ ನ್ಯೂಯಾರ್ಕ್, ಕ್ಯಾಲಿಫೋರ್ನಿಯಾ, ಹವಾಯಿ ಬಿಗಿಗೊಳಿಸಲು ಹೊರಟವು. ಇದಕ್ಕೆ ಕಾರಣ 2022ರ ಜೂನ್ 23ರ ಬ್ರೂಯೆನ್ ತೀರ್ಪು. ಪಿಸ್ತೂಲು ಒಯ್ಯಲು 'ಯೋಗ್ಯ ಕಾರಣ' ತೋರಿಸಬೇಕೆಂಬ ನ್ಯೂಯಾರ್ಕಿನ ನೂರು ವರ್ಷ ಹಳೆಯ ನಿಯಮವನ್ನು ಅಮೆರಿಕದ ಸುಪ್ರೀಂ ಕೋರ್ಟ್ 6–3ರ ಬಹುಮತದಿಂದ ರದ್ದು ಮಾಡಿತು. ನ್ಯಾಯಮೂರ್ತಿ ಕ್ಲಾರೆನ್ಸ್ ಥಾಮಸ್ ಬರೆದ ಆ ತೀರ್ಪಿನೊಂದಿಗೆ 'ಕೊಡಬಹುದು' ಎಂಬ ಕ್ರಿಯಾಪದವೇ ದೇಶದ ಕಾನೂನಿನಿಂದ ಹೊರಬಿತ್ತು. ಒಂದು ಅಡಿಟಿಪ್ಪಣಿಯಲ್ಲಿ ಅವರು ಇನ್ನೊಂದು ಮಾತನ್ನೂ ಬರೆದಿದ್ದಾರೆ: ಹಿನ್ನೆಲೆ ತಪಾಸಣೆ, ತರಬೇತಿ ಕೇಳುವ 'ಕೊಡಲೇಬೇಕು' ಪದ್ಧತಿಗಳನ್ನು ಈ ತೀರ್ಪು ಅಲುಗಿಸುವುದಿಲ್ಲ, ವಿಪರೀತ ಶುಲ್ಕವೋ ವಿಪರೀತ ವಿಳಂಬವೋ ಇದ್ದರೆ ಮಾತ್ರ ಪ್ರಶ್ನಿಸಬಹುದು. ನಾರ್ತ್ ಕೆರೊಲೈನಾದ ಈಗಿನ ಪದ್ಧತಿ ಈ ಮಾತಿನ ನೆರಳಿನಲ್ಲಿ ಸುರಕ್ಷಿತ. ಎಸ್‌ಬಿ 50ನ್ನು ಸಂವಿಧಾನ ಒತ್ತಾಯಿಸುತ್ತಿಲ್ಲ. ಅದು ಶಾಸಕರ ಆಯ್ಕೆ.

ನ್ಯೂಯಾರ್ಕ್ ಒಂದೇ ವಾರದಲ್ಲಿ ಹೊಸ ಕಾನೂನು ತಂದಿತು. 16 ಗಂಟೆ ತರಗತಿ, 2 ಗಂಟೆ ಗುಂಡು ಹಾರಿಸುವ ಅಭ್ಯಾಸ, ನಾಲ್ವರು ಪರಿಚಿತರ ಸಾಕ್ಷಿ, ಮೂರು ವರ್ಷದ ಸಾಮಾಜಿಕ ಜಾಲತಾಣ ಖಾತೆಗಳ ವಿವರ. ಟೈಮ್ಸ್ ಸ್ಕ್ವೇರ್, ಸಬ್‌ವೇ, ಬಾರು ಮುಂತಾದ ಕಡೆಗಳಲ್ಲಿ ನಿಷೇಧ. ಜಾಲತಾಣದ ವಿವರ ಕೇಳುವ ಅಂಶವನ್ನು ಮೇಲ್ಮನವಿ ನ್ಯಾಯಾಲಯ ತಡೆಯಿತು, ಅರ್ಜಿದಾರನ ನಡತೆಯನ್ನು ಪರೀಕ್ಷಿಸುವ ಅಂಶವನ್ನು ಉಳಿಸಿತು.

ಹವಾಯಿಯ ಕಾನೂನು ನಮ್ಮನ್ನು ಮತ್ತೆ ಆ ಗಾಜಿನ ಬಾಗಿಲಿಗೆ ಕರೆತರುತ್ತದೆ. ನಾರ್ತ್ ಕೆರೊಲೈನಾದಲ್ಲಿ ಅಂಗಡಿಯವನು ಬೇಡ ಎಂದು ಸ್ಟಿಕ್ಕರ್ ಅಂಟಿಸದಿದ್ದರೆ ಒಪ್ಪಿಗೆ ಎಂದೇ ಅರ್ಥ. ಹವಾಯಿ ಇದನ್ನು ತಿರುವುಮುರುವು ಮಾಡಿತು: ಮಾಲೀಕ ಬಾಯಿಬಿಟ್ಟು ಇಲ್ಲವೇ ಬರೆದು ಒಪ್ಪಿಗೆ ಕೊಡದಿದ್ದರೆ ಒಯ್ಯುವಂತಿಲ್ಲ. ಮೌನಕ್ಕೆ ಯಾವ ಅರ್ಥ ಎಂಬುದಷ್ಟೇ ವ್ಯತ್ಯಾಸ. ಆದರೆ ಊರಿನ ಬಹುತೇಕ ಬಾಗಿಲುಗಳು ಮೌನವಾಗಿಯೇ ಇರುವುದರಿಂದ ಅದು ದೊಡ್ಡ ವ್ಯತ್ಯಾಸ. ವುಲ್ಫರ್ಡ್ ಎಂಬ ಹೆಸರಿನ ಈ ಪ್ರಕರಣವನ್ನು ಸುಪ್ರೀಂ ಕೋರ್ಟ್ 2025ರ ಅಕ್ಟೋಬರ್‌ನಲ್ಲಿ ಕೈಗೆತ್ತಿಕೊಂಡಿತು. ಕ್ಯಾರಿಯ ದೇವಸ್ಥಾನವಾಗಲಿ ಬಾಡಿಗೆ ಸಭಾಂಗಣವಾಗಲಿ, ತನ್ನ ಬಾಗಿಲಿಗೆ ಏನು ಅಂಟಿಸಬೇಕು ಎಂಬುದು ಆಯಾ ಆಡಳಿತ ಮಂಡಳಿಗೆ ಬಿಟ್ಟ ನಿರ್ಧಾರ. ಎಸ್‌ಬಿ 50 ಕಾನೂನಾದರೂ ಆಗದಿದ್ದರೂ ಆ ಚರ್ಚೆಯನ್ನು ಮಂಡಳಿಗಳು ಇವತ್ತೇ ಮಾಡಬೇಕು ಎಂದು ನನ್ನ ಬಲವಾದ ಅನಿಸಿಕೆ.

ಅಂಕಿಅಂಶ ಏನು ಹೇಳುತ್ತದೆ

ಪಿಸ್ತೂಲು ಹೆಚ್ಚಾದರೆ ಅಪರಾಧ ಕಡಿಮೆಯಾಗುತ್ತದೆ ಎಂಬ ವಾದಕ್ಕೆ 1997ರಲ್ಲಿ ಜಾನ್ ಲಾಟ್ ಮತ್ತು ಡೇವಿಡ್ ಮಸ್ಟರ್ಡ್ ಪ್ರಕಟಿಸಿದ ಅಧ್ಯಯನ ದೊಡ್ಡ ಬಲ ಕೊಟ್ಟಿತು. 2004ರಲ್ಲಿ ನ್ಯಾಷನಲ್ ರಿಸರ್ಚ್ ಕೌನ್ಸಿಲ್‌ನ ಸಮಿತಿ ಆ ದತ್ತಾಂಶವನ್ನು ಮರುಪರಿಶೀಲಿಸಿ, ಹೆಚ್ಚುತ್ತದೆ ಎನ್ನಲೂ ಕಡಿಮೆಯಾಗುತ್ತದೆ ಎನ್ನಲೂ ಆಧಾರ ಸಾಲದು ಎಂದಿತು. 2019ರಲ್ಲಿ ಸ್ಟ್ಯಾನ್‌ಫರ್ಡ್‌ನ ಜಾನ್ ಡೊನೊಹ್ಯು ಮತ್ತು ಜೊತೆಗಾರರು, ಒಯ್ಯುವ ಹಕ್ಕನ್ನು ಸಡಿಲಿಸಿದ ರಾಜ್ಯಗಳಲ್ಲಿ ಹತ್ತು ವರ್ಷದ ಬಳಿಕ ಹಿಂಸಾಪರಾಧ ಶೇ 13ರಿಂದ 15ರಷ್ಟು ಹೆಚ್ಚಾಗಿರುವುದನ್ನು ಕಂಡರು. 2022ರಲ್ಲಿ ಅವರೇ, ಡರ್ಹಾಮ್‌ನ ಡ್ಯೂಕ್ ವಿಶ್ವವಿದ್ಯಾಲಯದ ಫಿಲಿಪ್ ಕುಕ್ ಮುಂತಾದವರ ಜೊತೆ 47 ನಗರಗಳನ್ನು ನೋಡಿದಾಗ ಬಂದೂಕು ಕಳವು ಸುಮಾರು ಶೇ 35ರಷ್ಟು ಏರಿದ್ದು ಕಾಣಿಸಿತು. ಹೊರಗೆ ಒಯ್ದ ಪಿಸ್ತೂಲು ಕಾರಿನಲ್ಲಿ ಉಳಿಯುತ್ತದೆ, ಕಾರಿನ ಗಾಜು ಒಡೆಯುತ್ತದೆ, ಪಿಸ್ತೂಲು ಬೇರೆ ಕೈ ಸೇರುತ್ತದೆ.

ಇಲ್ಲೊಂದು ಎಚ್ಚರಿಕೆ. ಈ ಅಧ್ಯಯನಗಳು ಅಳೆದದ್ದು ಬಹುಪಾಲು 'ಕೊಡಲೇಬೇಕು' ಪದ್ಧತಿಗೆ ಕಾಲಿಟ್ಟ ಪರಿಣಾಮವನ್ನು. ಅಲ್ಲಿಂದ 'ಬೇಕಾಗಿಲ್ಲ' ಕಡೆಗೆ ಇಡುವ ಹೆಜ್ಜೆ ಬೇರೆ. ಆ ಅಂಕಿಗಳನ್ನು ಹಾಗೆಯೇ ಎತ್ತಿ ಎಸ್‌ಬಿ 50ಕ್ಕೆ ಅಂಟಿಸುವವರು ಯಾವ ಪಕ್ಷದವರಾದರೂ ತಪ್ಪು ಮಾಡುತ್ತಿದ್ದಾರೆ.

ನನ್ನನ್ನು ಕಾಡುವ ಅಂಕಿ ಬೇರೆಯದು. 2023ರಲ್ಲಿ ಅಮೆರಿಕದಲ್ಲಿ ಬಂದೂಕಿನಿಂದ ಸತ್ತವರು 46,728 ಜನ. ಅವರಲ್ಲಿ ಸುಮಾರು 27,300 ಜನ, ಅಂದರೆ ಅರ್ಧಕ್ಕಿಂತ ಹೆಚ್ಚು, ತಮ್ಮ ಪ್ರಾಣವನ್ನು ತಾವೇ ತೆಗೆದುಕೊಂಡವರು. ಒಯ್ಯುವ ಹಕ್ಕಿನ ಚರ್ಚೆಯೆಲ್ಲ ಬೀದಿಯ ಅಪರಿಚಿತನ ಸುತ್ತ ತಿರುಗುತ್ತದೆ. ಬೀದಿ ಸುತ್ತಿಬಂದ ಪಿಸ್ತೂಲು ರಾತ್ರಿ ಮನೆಗೇ ಬಂದು ಮಲಗುತ್ತದೆ. ಹದಿನೆಂಟರಿಂದ ಇಪ್ಪತ್ತರ ವಯಸ್ಸು, ಕಾಲೇಜಿನ ಒತ್ತಡ, ಮನೆಯಲ್ಲಿ ಹೇಳಿಕೊಳ್ಳಲಾಗದ ಸೋಲುಗಳು, ಇವನ್ನು ಬಲ್ಲ ತಂದೆತಾಯಿಗಳು ಈ ಮಸೂದೆಯಲ್ಲಿ ವಯಸ್ಸಿನ ಅಂಕಿಯನ್ನು ಮೊದಲು ಓದಬೇಕು.

ಪರವಾನಗಿ ಇಲ್ಲದ ಬಂದೂಕು ಎಂದೊಡನೆ ಕನ್ನಡಿಗರಿಗೆ ನೆನಪಾಗುವುದು ಕೊಡಗು. ಬ್ರಿಟಿಷರ ಕಾಲದಿಂದ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಲೈಸೆನ್ಸಿನಿಂದ ವಿನಾಯಿತಿ ಇದೆ. ಕೇಂದ್ರ ಸರ್ಕಾರ 2019ರಲ್ಲಿ ಅದನ್ನು 2029ರವರೆಗೆ ವಿಸ್ತರಿಸಿತು, ಕರ್ನಾಟಕ ಹೈಕೋರ್ಟ್ 2021ರ ಸೆಪ್ಟೆಂಬರ್‌ನಲ್ಲಿ ಎತ್ತಿಹಿಡಿಯಿತು. ಅಲ್ಲಿ ಮಾತು ಕೋವಿಯದು. ಕೈಲ್‌ಪೊಳ್ದ್‌ನಲ್ಲಿ ಹೂವಿಟ್ಟು ಪೂಜಿಸುವ, ಗಂಡುಮಗು ಹುಟ್ಟಿದರೆ ಆಕಾಶಕ್ಕೆ ಹಾರಿಸುವ, ಎಲ್ಲರ ಕಣ್ಣೆದುರಿನ ಕೋವಿಯದು. ಅಂಗಿಯೊಳಗಿನ ಪಿಸ್ತೂಲಿಗೂ ಅದಕ್ಕೂ ಹೋಲಿಕೆ ತರುವವರು ಆ ಕೋವಿಯನ್ನು ಒಮ್ಮೆ ಎತ್ತಿ ನೋಡಬೇಕು, ಅದನ್ನು ಮರೆಮಾಡುವುದೇ ಸಾಧ್ಯವಿಲ್ಲ.

ರಾಜ್ಯದ ಗಡಿ ದಾಟಿದರೆ

ಎಸ್‌ಬಿ 50 ಕಾನೂನಾದರೂ ಪರವಾನಗಿಯನ್ನು ಉಳಿಸಿಕೊಂಡಿರುವುದಕ್ಕೆ ಗಟ್ಟಿ ಕಾರಣಗಳಿವೆ. ಶಾಲೆಗಳ ಸುತ್ತ 1,000 ಅಡಿಯೊಳಗೆ ಬಂದೂಕನ್ನು ನಿಷೇಧಿಸುವ ಒಕ್ಕೂಟ ಕಾನೂನಿದೆ. ಅದರಿಂದ ವಿನಾಯಿತಿ ಇರುವುದು ಆ ರಾಜ್ಯದ ಪರವಾನಗಿ ಪಡೆದವರಿಗೆ. ಪರವಾನಗಿ ಇಲ್ಲದೆ ಗುಂಡು ತುಂಬಿದ ಪಿಸ್ತೂಲನ್ನು ಇಟ್ಟುಕೊಂಡು ಹೊರಟವನು ಶಾಲೆಯೊಂದರ ಮುಂದಿನ ರಸ್ತೆಯಲ್ಲಿ ಕಾರು ಓಡಿಸಿದರೂ ಸಾಕು, ರಾಜ್ಯ ಒಪ್ಪಿದ್ದನ್ನು ಒಕ್ಕೂಟ ಅಪರಾಧ ಎನ್ನುತ್ತದೆ. ಪಟ್ಟಣಗಳಲ್ಲಿ 1,000 ಅಡಿಯೊಳಗೆ ಶಾಲೆ ಬಾರದ ದಾರಿ ಹುಡುಕುವುದೇ ಕಷ್ಟ.

ಮತ್ತೊಂದು ಬೇರೆ ರಾಜ್ಯಗಳ ಮನ್ನಣೆ. ನಾರ್ತ್ ಕೆರೊಲೈನಾ 2011ರಿಂದ ಎಲ್ಲ ರಾಜ್ಯಗಳ ಪರವಾನಗಿಯನ್ನೂ ಒಪ್ಪುತ್ತದೆ, ಎಲ್ಲರೂ ತಿರುಗಿ ಒಪ್ಪುವುದಿಲ್ಲ. ಒಂದು ರಾಜ್ಯದಲ್ಲಿ ಒಯ್ಯಬಲ್ಲವನು ಎಲ್ಲ ರಾಜ್ಯಗಳಲ್ಲೂ ಒಯ್ಯಬಹುದು ಎನ್ನುವ ಎಚ್‌.ಆರ್. 38 ಎಂಬ ಮಸೂದೆಯನ್ನು ಅಮೆರಿಕ ಕಾಂಗ್ರೆಸ್‌ನಲ್ಲಿ ಮಂಡಿಸಿದವರು ಇದೇ ರಾಜ್ಯದ ಪ್ರತಿನಿಧಿ ರಿಚರ್ಡ್ ಹಡ್ಸನ್. 2025ರ ಮಾರ್ಚ್‌ನಲ್ಲಿ ಅದು ನ್ಯಾಯಾಂಗ ಸಮಿತಿಯನ್ನು ದಾಟಿತು. ಇಂಥದ್ದೇ ಮಸೂದೆ 2017ರ ಡಿಸೆಂಬರ್‌ನಲ್ಲಿ ಕೆಳಮನೆಯಲ್ಲಿ 231–198ರಿಂದ ಗೆದ್ದು ಸೆನೆಟ್‌ನಲ್ಲಿ ನಿಂತುಹೋಗಿತ್ತು. ಅಲ್ಲಿ ಮುಂದಕ್ಕೆ ಸಾಗಲು 60 ಮತ ಬೇಕು.

ಅಲ್ಲಿಯವರೆಗೆ ರಸ್ತೆಯ ಕಾನೂನು ಹೀಗಿದೆ. ರಾಲಿಯಿಂದ ನ್ಯೂಜೆರ್ಸಿಯ ನೆಂಟರ ಮನೆಗೆ ಐ-95 ಹಿಡಿದು ಹೊರಟ ಕುಟುಂಬ ವರ್ಜೀನಿಯಾ ದಾಟುವವರೆಗೆ ನಾರ್ತ್ ಕೆರೊಲೈನಾದ ಪರವಾನಗಿ ನಡೆಯುತ್ತದೆ. ಪೊಟೊಮ್ಯಾಕ್ ನದಿಯ ಸೇತುವೆಯ ಆಚೆ ಮೇರಿಲ್ಯಾಂಡ್. ಅದು ಒಪ್ಪುವುದಿಲ್ಲ, ನ್ಯೂಜೆರ್ಸಿಯೂ ಒಪ್ಪುವುದಿಲ್ಲ. ಹೊರಡುವ ಊರಿನಲ್ಲೂ ತಲುಪುವ ಊರಿನಲ್ಲೂ ಹಕ್ಕಿದ್ದವರು ನಡುವಿನ ರಾಜ್ಯವನ್ನು ಹಾದುಹೋಗಲು 1986ರ ಒಕ್ಕೂಟ ಕಾನೂನು ಬಿಡುತ್ತದೆ, ಆದರೆ ಗುಂಡು ತೆಗೆದಿರಬೇಕು, ಪಿಸ್ತೂಲೂ ಗುಂಡೂ ಕೈಗೆ ಎಟಕದ ಡಿಕ್ಕಿಯಲ್ಲಿರಬೇಕು. ತಲುಪುವ ಊರಿನಲ್ಲಿ ಒಯ್ಯುವ ಹಕ್ಕೇ ಇಲ್ಲದವನಿಗೆ ಆ ರಕ್ಷಣೆಯೂ ಇಲ್ಲ. ಅಂಥವನು ಪಿಸ್ತೂಲನ್ನು ಮನೆಯಲ್ಲೇ, ಬೀಗ ಹಾಕಿದ ಪೆಟ್ಟಿಗೆಯಲ್ಲಿ ಬಿಟ್ಟು ಹೊರಡಬೇಕು.